ನೂರ ಐವತ್ತಮೂರು

ಮಂಗಳವಾರ ಎಲ್ಮಿನಾದಲ್ಲಿ ಕಡಲಿಗೆ ರಜೆ.
ದೋಣಿಗಳು ಮರಳಿಗೆ ಮೈಚೆಲ್ಲಿ ಮಲಗಿದ ಮೇಲೆ
ನನ್ನ ಬ್ರಷ್ಷು ಏಳುತ್ತದೆ.
ಭಾನುವಾರದ ಪ್ರಸಂಗದ ತಲೆಬರಹ ಬರೆಯುವವನು ನಾನು,
ಊರಿನ ಎಲ್ಲ ಸಭೆಗಳಿಗೂ ಒಬ್ಬನೇ.
ಅಕ್ಷರಕ್ಕಿಷ್ಟು ಅಂತ ಕೂಲಿ,
ದೇವರ ಹೆಸರಿಗೆ ರಿಯಾಯಿತಿ ಇಲ್ಲ.

ಈ ವಾರ ಅದೇನಾಯಿತೋ,
ನಾಲ್ಕು ಹಲಗೆಗೂ ಒಂದೇ ಅಧ್ಯಾಯ:
ಇರುಳಿಡೀ ಬಲೆ ಬೀಸಿ ಬರಿಗೈಯಾದವರು,
ಬೆಳಗಿನ ದಡದಲ್ಲಿ ಗುರುತು ಸಿಗದೆ ನಿಂತ ಒಬ್ಬ,
ಆಮೇಲೆ ಮೀನು,
ನೂರ ಐವತ್ತಮೂರು.

ಫಾದರ್ ಆಕನ್ ತಾವಾಗಿ ಆರಿಸಿದ್ದಲ್ಲ.
ರೋಮಿನ ಪಂಚಾಂಗ ಮೂರು ವರ್ಷಕ್ಕೊಮ್ಮೆ ತಿರುಗಿ ಬಂದು
ಈ ಪಾಠವನ್ನು ಅವರ ಮೇಜಿನ ಮೇಲೆ ಇಟ್ಟು ಹೋಗುತ್ತದೆ.
‘ಹೋದ ಸರದಿಗೆ ಪೇತ್ರನ ಬಗ್ಗೆ ಹೇಳಿದ್ದೆ,
ಈ ಸಲ ಬಲೆಯ ಬಗ್ಗೆ’ ಅಂದರು.
ನೀಲಿಯಲ್ಲಿ ಬರೆದೆ: ಬಲೆ ಹರಿಯಲಿಲ್ಲ.

ಪ್ರೆಸ್ಬಿಟೇರಿಯನ್ ಕ್ವಾನ್ಸಾ ಮೇಷ್ಟರಂಥ ಮನುಷ್ಯ.
ಯೋಹಾನನ ಮೊದಲ ಮಾತಿಗೆ ಅವರು ನೇಗಿಲು ಹೂಡಿದ್ದು
ನನ್ನ ಮಗಳು ಹುಟ್ಟಿದ ವರ್ಷ.
ಒಂದು ಸಾಲೂ ಬಿಡದೆ ಉತ್ತು ಉತ್ತು,
ಅವಳು ಸ್ಲೇಟು ಹಿಡಿದು ಶಾಲೆಗೆ ಹೊರಟ ಮೇಲೆ
ಈ ಕೊನೆಯ ಹೊಲಕ್ಕೆ ಬಂದಿದ್ದಾರೆ.
‘ತಲೆಬರಹ ಯಾಕೆ? ವಚನ ಒಂದರಿಂದ ಹದಿನಾಲ್ಕು,
ಅಷ್ಟು ಬರಿ, ಸಾಕು.’
ಅಕ್ಷರ ಕಡಿಮೆ. ನನಗೆ ನಷ್ಟ.

ಪಾಸ್ಟರ್ ಅಫ್ಫುಲ್‌ಗೆ ವಿಷಯ ಮೊದಲು, ವಚನ ಆಮೇಲೆ.
ಜನವರಿಯಲ್ಲೇ ಉಪವಾಸ ಕೂತು ಘೋಷಣೆ ಪಡೆದಿದ್ದಾರೆ,
ಇದು ತುಂಬಿ ತುಳುಕುವ ವರ್ಷ ಅಂತ.
ಅದರ ಮೈಗೆ ಸರಿಹೋಗುವ ಅಂಗಿ ಹುಡುಕುತ್ತ
ವಾರವಾರ ಸುವಾರ್ತೆಯ ಅಂಗಡಿ ಹೊಗುತ್ತಾರೆ.
ಬೆಂಕಿಯ ಬಣ್ಣ, ಅಕ್ಷರಕ್ಕೆ ನೆರಳು, ಕೊನೆಗೆ ಮೂರು ಆಶ್ಚರ್ಯಚಿಹ್ನೆ:
ಬಲಗಡೆಗೆ ಬಲೆ ಬೀಸು, ಬಲ ಬರುತ್ತದೆ!!!
ನಮ್ಮ ಬಲಗಡೆಗೆ ಇರುವುದು ಟ್ರಾಲರುಗಳ ದೀಪ,
ಕಡಲಿನ ತಳವನ್ನೇ ಗುಡಿಸಿಕೊಂಡು ಹೋಗುವವು.
ಹೋದ ತಿಂಗಳು ಆ ಕಡೆ ಬೀಸಿದ ನನ್ನ ಭಾವಮೈದುನ
ಅರ್ಧ ಬಲೆಯೊಂದಿಗೆ ಮರಳಿದ.
ಇದನ್ನು ಪಾಸ್ಟರಿಗೆ ಹೇಳಲಿಲ್ಲ. ಬಣ್ಣ ಕಲಸಿದೆ.

ಬಿಳಿ ನಿಲುವಂಗಿಯ ಪ್ರವಾದಿನಿ ಅರಬಾಗೆ ಓದು ಬಾರದು.
ಮೂರು ದಿನ ಜ್ವರ ಬಂದಿತ್ತಂತೆ, ಜ್ವರದಲ್ಲಿ ದಡ,
ದಡದ ಮೇಲೆ ಕೆಂಪಗೆ ಏನೋ ಉಸಿರಾಡುತ್ತಿತ್ತಂತೆ.
‘ಯಾವ ಪುಸ್ತಕವೋ ನೀನೇ ಹುಡುಕು’ ಅಂದಳು.
ಹುಡುಕಿದೆ. ಅದೇ ಅಧ್ಯಾಯ.
ಅವಳ ಹಲಗೆಗೆ ಒಂದೇ ಮಾತು: ಕೆಂಡ.

ಬಣ್ಣ ಒಣಗುವಾಗ ಅತ್ತೆ ಬಂದು ಜಗಲಿಯಲ್ಲಿ ಕೂತಳು,
ಎಸಿ ಮಾನ್ಸಾ, ನಲವತ್ತು ವರ್ಷ ಮೀನಿಗೆ ಹೊಗೆ ಕೊಟ್ಟವಳು,
ಹೊಗೆ ತಿಂದು ತಿಂದು ಕಣ್ಣು ಮಂಜಾದವಳು.
‘ಎಲ್ಲರೂ ಹಿಡಿದುಕೊಂಡಿರುವ ಆ ಕತೆ ನನಗೂ ಓದು.’
ಓದಿದೆ.
ಎಣಿಕೆ ಬಂದಾಗ ನಕ್ಕಳು:
‘ಯಾರೋ ಹೆಂಗಸು ಇದ್ದಳು ಅಲ್ಲಿ.
ದಡದ ಮೇಲೆ ಮೀನೆಣಿಸುವ ಗಂಡಸನ್ನು ನೀನು ಕಂಡಿದ್ದೀಯಾ?’
ಮುಂದೆ ಓದುತ್ತಿದ್ದೆ, ತಡೆದಳು.
‘ಉರಿಯೋ, ಕೆಂಡವೋ? ಸರಿಯಾಗಿ ನೋಡು.’
ಕೆಂಡ, ಅಂದೆ.
‘ಹಾಗಾದರೆ ಇರುಳೇ ಎದ್ದು ಹಚ್ಚಿದ್ದಾನೆ.
ಉರಿ ಇಳಿದು ಕೆಂಡವಾಗುವ ತನಕ
ಪಕ್ಕದಲ್ಲೇ ಕೂತಿದ್ದಾನೆ, ಗಾಳಿಗೆ ಬೆನ್ನು ಕೊಟ್ಟು.
ಇವರು ಬರಿಗೈಲಿ ಬರುತ್ತಾರೆಂದು ಗೊತ್ತಿದ್ದವನು.’
ಸುಮ್ಮನಾದಳು. ಆಮೇಲೆ:
‘ಬಲೆ ಎಳೆಯುವ ಮೊದಲೇ ಅದರ ಮೇಲೆ ಬೇಯುತ್ತಿತ್ತಲ್ಲ ಮೀನು,
ಅದು ಯಾರ ಮೀನು?
ಆ ನೂರ ಐವತ್ತಮೂರರಲ್ಲಿ ಅದು ಸೇರಿತೋ, ಇಲ್ಲವೋ?’

ನನಗೆ ಗೊತ್ತಿರಲಿಲ್ಲ.
ಕ್ವಾನ್ಸಾರನ್ನು ಕೇಳಬಹುದಿತ್ತು. ಕೇಳಲಿಲ್ಲ.

ಮೂಲೆಯಲ್ಲಿ ಒಂದು ಹಲಗೆ ಉಳಿದಿತ್ತು, ಬಣ್ಣ ತಾಗದ್ದು.
ಡಬ್ಬಿಯ ತಳದಲ್ಲಿ ಒಂದಿಷ್ಟು ಕೆಂಪು.
ಇದರ ಮೇಲೆ ನಿನ್ನ ಮಾತು ಬರೆಯಲೇ, ಕಾಸು ಬೇಡ, ಅಂದೆ.
ಹಲಗೆಯನ್ನು ಗೆಣ್ಣಿನಿಂದ ತಟ್ಟಿ ನೋಡಿದಳು,
ಒಣಗಿದೆಯೇ ಎಂದು.

‘ಒಲೆಗೆ ಕೊಡು’ ಅಂದಳು.
‘ನಾಳೆ ದೋಣಿ ಬರುವ ಹೊತ್ತಿಗೆ ಕೆಂಡ ಬೇಕು.’